ಸ್ಟಾಫಾದ ಗುಹೆಯಲ್ಲಿ ಕೇಳಿದ ಕಡಲು

ಹೋದ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದ ಗುಹೆಯೊಳಗೆ ನಿಂತು ಅಮ್ಮನಿಗಾಗಿ ಒಂದು ವಿಡಿಯೋ ಮಾಡಿದೆ. ಗ್ಲಾಸ್ಗೋದಿಂದ ಓಬನ್‌ಗೆ ರೈಲು, ಅಲ್ಲಿಂದ ಮಲ್ ದ್ವೀಪಕ್ಕೆ ಫೆರಿ, ಮತ್ತೆ ಬಸ್ಸು, ಕೊನೆಗೆ ಸಣ್ಣ ದೋಣಿ. ಮೊದಲ ಸಲ ಹೋದಾಗ ಕಡಲು ಜೋರಿದ್ದು ದೋಣಿ ಬಿಡಲೇ ಇಲ್ಲ. ಎರಡನೇ ಸಲ ಸಿಕ್ಕಿತು.

ವಿಡಿಯೋ ನೋಡಿ ಅಮ್ಮ ಫೋನ್ ಮಾಡಿದರು. "ಇದ್ ನಮ್ಮ ತೋನ್ಸೆಪಾರ್ ಹಾಂಗೇ ಇತ್ತಲ್ಲ ಮಗಾ!"

ಹೌದು, ಹಾಗೇ ಇದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಕ್ಕೆ ಊರಿನವರು ಕರೆಯುವ ಹೆಸರು ತೋನ್ಸೆಪಾರ್. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ದೂರವಾಗುವ ಕಾಲದಲ್ಲಿ ಹರಿದ ಲಾವಾ. ಸ್ಟಾಫಾದ್ದು ಅದಕ್ಕಿಂತ ಚಿಕ್ಕ ಪ್ರಾಯದ ಕಲ್ಲು. ಆದರೆ ಎರಡೂ ಕಡೆ ಲಾವಾ ತಣ್ಣಗಾಗುತ್ತಾ ಒಂದೇ ರೀತಿ ಬಿರುಕು ಬಿಟ್ಟಿದೆ. ಆರು ಮೂಲೆಯ ಕಂಬಗಳು, ಯಾರೋ ಜೋಡಿಸಿಟ್ಟ ಹಾಗೆ. ಸ್ಟಾಫಾದಲ್ಲಿ ಮಾತ್ರ ಆ ಕಂಬಗಳ ನಡುವೆ ಕಡಲು ಕೊರೆದುಕೊಂಡು ಒಳಗೆ ಹೋಗಿದೆ. ಇಂಗ್ಲಿಷಿನವರು ಅದನ್ನು ಫಿಂಗಲ್ಸ್ ಕೇವ್ ಅನ್ನುತ್ತಾರೆ. ಇಲ್ಲಿನ ಗೇಲಿಕ್ ಭಾಷೆಯ ಹೆಸರಿಗೆ ಇಂಪಾದ ಗುಹೆ ಅಂತ ಅರ್ಥ.

ಅಲೆ ಒಳಗೆ ಬರುವಾಗ ಹೆಚ್ಚು ಶಬ್ದವೇ ಇರುವುದಿಲ್ಲ. ನೀರು ಸುಮ್ನೆ ಉಬ್ಬುತ್ತದೆ. ಕಾಲ ಬುಡದ ಕಂಬಗಳು ಒಂದೊಂದಾಗಿ ಮುಳುಗುತ್ತವೆ. ಆಮೇಲೆ ಗುಹೆಯ ತುದಿಯಲ್ಲಿ, ಕತ್ತಲಲ್ಲಿ, 'ಧುಂ' ಅಂತ ಒಂದು ಪೆಟ್ಟು. ಅದು ಎದೆಗೇ ತಾಗುತ್ತದೆ. ನೀರು ವಾಪಸ್ ಹೋಗುವಾಗ ಕಂಬಗಳ ಸಂದಿಯಲ್ಲಿ ಗುಳುಗುಳು ಅಂತ ಇಳಿಯುತ್ತದೆ. ಅಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಒಂದು ಅಲೆಯ ಹಾಗೆ ಇನ್ನೊಂದಿಲ್ಲ.

1829ರ ಆಗಸ್ಟ್‌ನಲ್ಲಿ ಜರ್ಮನಿಯ ಸಂಗೀತಗಾರ ಫೀಲಿಕ್ಸ್ ಮೆಂಡೆಲ್ಸನ್ ಇಲ್ಲಿಗೆ ಬಂದಿದ್ದ. ಆಗ ಅವನಿಗೆ ಬರೀ 20 ವರ್ಷ. ಸ್ಟಾಫಾಕ್ಕೆ ಬರುವ ದೋಣಿಯಲ್ಲಿ ವಾಂತಿ ಮಾಡಿಕೊಂಡು ಸಾಕಾಗಿದ್ದನಂತೆ. ಈ ಪ್ರವಾಸದಿಂದ ಹುಟ್ಟಿದ್ದೇ ಇಲ್ಲಿನ ದ್ವೀಪಗಳ ಹೆಸರಿನ, 'ಹೆಬ್ರಿಡೀಸ್' ಎಂಬ ಅವನ ಆರ್ಕೆಸ್ಟ್ರಾ ಕೃತಿ. ಗುಹೆಯನ್ನು ನೋಡಿ ಬರೆದದ್ದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದರ ಮೊದಲ ಸಾಲುಗಳನ್ನು ಅವನು ಮನೆಗೆ ಬರೆದ ಪತ್ರದಲ್ಲಿ ಆಗಸ್ಟ್ 7ಕ್ಕೇ ಗುರುತು ಹಾಕಿದ್ದ. ಸ್ಟಾಫಾಕ್ಕೆ ಹೋದದ್ದು ಮರುದಿನ. ಗುಹೆ ನೋಡುವ ಮೊದಲೇ ಈ ಕಡಲು ಅವನೊಳಗೆ ಹೊಕ್ಕಿತ್ತು.

ಆ ಶುರುವನ್ನು ಒಮ್ಮೆ ಗಮನ ಕೊಟ್ಟು ಕೇಳಿ. ಬಸ್ಸೂನ್ ಎಂಬ ಊದುವ ವಾದ್ಯ, ಪಿಟೀಲಿಗಿಂತ ತಗ್ಗು ದನಿಯ ವಯೋಲಾ, ಚೆಲ್ಲೋ ಸೇರಿ ಕೆಳಗಿಳಿಯುವ ಒಂದು ಸಣ್ಣ ತುಣುಕು ನುಡಿಸುತ್ತವೆ. ಅದನ್ನೇ ಇನ್ನೊಮ್ಮೆ. ಆಮೇಲೆ ಸ್ವಲ್ಪ ಮೇಲಿನಿಂದ ಎರಡು ಸಲ. ಇನ್ನೂ ಮೇಲಿನಿಂದ ಮತ್ತೆ ಎರಡು ಸಲ. ಪಿಟೀಲುಗಳು ಮೇಲೆ ಉದ್ದ ಸ್ವರ ಹಿಡಿದಿರುತ್ತವೆ. ತುಣುಕು ಅದೇ, ಅಡಿಯ ಬಣ್ಣ ಮಾತ್ರ ಬದಲಾಗುತ್ತಾ ಹೋಗುತ್ತದೆ. ಮಲ್ಪೆಯ ದಡದಲ್ಲಿ ಕೂತು ಅಲೆ ಎಣಿಸಿದವರಿಗೆ ಇದು ಬೇಗ ಹಿಡಿಯುತ್ತದೆ.

ಮೆಂಡೆಲ್ಸನ್‌ಗೇ ಇದರಲ್ಲಿ ಸಮಾಧಾನ ಇರಲಿಲ್ಲ. ವರ್ಷಗಟ್ಟಲೆ ತಿದ್ದಿದ. 1832ರಲ್ಲಿ ಅಕ್ಕ ಫ್ಯಾನಿಗೆ ಬರೆದ ಪತ್ರದಲ್ಲಿ, ನಡುವಿನ ಭಾಗದಲ್ಲಿ ತಿಮಿಂಗಿಲದ ಎಣ್ಣೆ, ಕಡಲ ಹಕ್ಕಿ, ಉಪ್ಪು ಮೀನಿನ ವಾಸನೆಗಿಂತ ಶಾಸ್ತ್ರದ ವಾಸನೆಯೇ ಜಾಸ್ತಿ ಇದೆ ಅಂದಿದ್ದ. ಇದನ್ನು ಓದಿದ ದಿನ ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ದೋಣಿಗೆ ಮೀನೆಣ್ಣೆ ಬಳಿಯುವ ಊರಿನಿಂದ ಬಂದ ನನಗೆ ಆ ಮಾತು ಪೂರ್ತಿ ಅರ್ಥವಾಯಿತು. ಸಂಗೀತಕ್ಕೂ ವಾಸನೆ ಇರಬೇಕು.

ಆದರೆ ಅವನು ಈ ದ್ವೀಪದವರ ಹಾಡುಗಳನ್ನು ಮುಟ್ಟಲಿಲ್ಲ. 1829ರ ಅದೇ ಆಗಸ್ಟ್‌ನಲ್ಲಿ ವೇಲ್ಸ್‌ನಿಂದ ಬರೆದ ಪತ್ರದಲ್ಲಿ ಜನಪದ ಸಂಗೀತಕ್ಕೆ ಬೈದೇ ಬಿಟ್ಟಿದ್ದಾನೆ. ಹಾಡುಗಳನ್ನು ಹುಡುಕಿಕೊಂಡು ಬಂದವರು ಸ್ಕಾಟ್ಲೆಂಡಿನ ಗಾಯಕಿ ಮಾರ್ಜರಿ ಕೆನಡಿ-ಫ್ರೇಸರ್. ಅವರು 1905ರಲ್ಲಿ ಎರಿಸ್ಕೇ ದ್ವೀಪಕ್ಕೆ ಬಂದು ಗೇಲಿಕ್ ಹಾಡುಗಳನ್ನು ಕೇಳಿದರು. ಅವಕ್ಕೆ ಪಿಯಾನೋ ಸೇರಿಸಿ 1909ರಿಂದ ಪುಸ್ತಕಗಳಾಗಿ ಹೊರತಂದರು. ಅವರ ಸಂಗ್ರಹದ ಧಾಟಿಗಳನ್ನು ಬಳಸಿ ಇಂಗ್ಲೆಂಡಿನ ಸಂಗೀತಗಾರ ಗ್ರಾನ್ವಿಲ್ ಬ್ಯಾಂಟಾಕ್ 1915ರಲ್ಲಿ ಇಡೀ ಒಂದು ಸಿಂಫನಿ ಬರೆದರು. ಈ ಹಾಡುಗಳು ಹೊರಗಿನವರಿಗೆ ತಲುಪಿದ್ದರಲ್ಲಿ ಕೆನಡಿ-ಫ್ರೇಸರ್ ಅವರ ಪಾಲು ದೊಡ್ಡದು. ಆದರೂ ನನಗೆ ಒಂದು ಬೇಸರ ಇದೆ. ಪಿಯಾನೋ ಬಂದ ಕೂಡಲೇ ಹಾಡಿನ ಅಂಚುಗಳು ನುಣುಪಾದವು. ಹೊರಗೆ ಗಾಳಿ ಬೀಸುತ್ತಿದ್ದ ಹಾಡು ದಿವಾನಖಾನೆಯಲ್ಲಿ ಕಾಲು ಚಾಚಿ ಕೂತಂತಾಯಿತು.

ಮೂಲದಲ್ಲಿ ಅವುಗಳಲ್ಲಿ ಹಲವು ಕೆಲಸದ ಹಾಡುಗಳು. ನೇಯ್ದ ಉಣ್ಣೆಬಟ್ಟೆ ದಪ್ಪವಾಗಲಿ ಅಂತ ಹೆಂಗಸರು ಮೇಜಿನ ಸುತ್ತ ಕೂತು ಅದನ್ನು ಒದ್ದೆ ಮಾಡಿ ಬಡಿಯುತ್ತಿದ್ದರು. ಒಬ್ಬಳು ಸಾಲು ಹೇಳಿದರೆ ಉಳಿದವರು ಅರ್ಥವಿಲ್ಲದ ಅಕ್ಷರಗಳ ಪಲ್ಲವಿ ಹೇಳುವುದು. ನಮ್ಮ ಕಡೆ ನಾಟಿ ಮಾಡುವಾಗ ಹೇಳುವ ಓಬೇಲೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬ್ಯಾಗ್‌ಪೈಪ್, ಚೀಲದಲ್ಲಿ ಗಾಳಿ ತುಂಬಿ ಕೊಳವೆಗಳಲ್ಲಿ ನುಡಿಸುವ ವಾದ್ಯ. ಇದಕ್ಕೂ ಆರ್ಕೆಸ್ಟ್ರಾಗೂ ಹೊಂದಿಸುವುದು ಸುಲಭ ಅಲ್ಲ. ಸ್ಕಾಟ್ಲೆಂಡಿನ ದೊಡ್ಡ ಪೈಪಿಗೆ ಒಂಬತ್ತೇ ಸ್ವರ. ಜೊತೆಗೆ ಮೂರು ಶ್ರುತಿ ಕೊಳವೆ, ಒಮ್ಮೆ ಶುರುವಾದರೆ ನಿಲ್ಲುವುದೇ ಇಲ್ಲ. ಹಿಂದೆ ಯಕ್ಷಗಾನದಲ್ಲಿ ಶ್ರುತಿಗೆ ಊದುತ್ತಿದ್ದ ಪುಂಗಿ ನೆನಪಾಗುತ್ತದೆ. ಆರ್ಕೆಸ್ಟ್ರಾದ 'ಎ' ಸ್ವರ 440 ಹರ್ಟ್ಸ್ ಇದ್ದರೆ ಪೈಪಿನದ್ದು ಸಾಮಾನ್ಯವಾಗಿ 470 ದಾಟಿರುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆ ದಾಟಿ ಇನ್ನೂ ಸ್ವಲ್ಪ ಆಚೆ. ಸಣ್ಣಗೆ ನುಡಿಸೋಣ ಅಂದರೆ ಅದೂ ಆಗದು, ಪೈಪಿಗೆ ಒಂದೇ ದನಿ.

ಸಂಗೀತಗಾರ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಇದನ್ನು ದಾಟಿದ ಬಗೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನಲ್ಲಿ ಹುಟ್ಟಿ 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಿಗೆ ಬಂದು ಅಲ್ಲೇ ನೆಲೆಸಿದವರು. 1985ರಲ್ಲಿ ಅವರು ಬರೆದ ಕೃತಿಯಲ್ಲಿ ಆರ್ಕ್ನಿಯ ಒಂದು ಮದುವೆಯ ರಾತ್ರಿ ಇದೆ. ಗಾಳಿಮಳೆಯಲ್ಲಿ ಬರುವ ನೆಂಟರು, ಕುಡಿತ ಏರಿದ ಹಾಗೆ ತಾಳ ತಪ್ಪುವ ವಾದ್ಯದವರು, ಕೊನೆಗೆ ಬೆಳಗಾಗುವುದು. ಪೈಪ್ ಬರುವುದು ಆ ಬೆಳಗಾಗುವಾಗ ಮಾತ್ರ, ಅದೂ ವೇದಿಕೆಯಿಂದಲ್ಲ. ನಾನು ಕೇಳಿದ ದಿನ ಪೈಪಿನವರು ನಮ್ಮ ಹಿಂದಿನ ಬಾಗಿಲಿನಿಂದ ಬಂದರು. ಮೊದಲು ಬೆನ್ನಿಗೆ ಶ್ರುತಿ ತಾಗಿತು, ಆಮೇಲೆ ತಲೆ ತಿರುಗಿಸಿ ನೋಡಿದೆ. ಅವರು ನಿಧಾನವಾಗಿ ನಡೆದು ಹೋದ ಹಾಗೆ ಇಡೀ ಸಭಾಂಗಣದಲ್ಲಿ ಸೂರ್ಯ ಹುಟ್ಟಿದ. ನನ್ನ ಕಣ್ಣು ಒದ್ದೆಯಾಗಿತ್ತು.

ಐರ್ಲೆಂಡಿನ ಇಲನ್ ಪೈಪ್ ಬೇರೆ. ಬಾಯಲ್ಲಿ ಊದುವುದಿಲ್ಲ, ಮೊಣಕೈ ಕೆಳಗಿನ ತಿದಿ ಒತ್ತಿ ನುಡಿಸುತ್ತಾರೆ. ದನಿ ಮೆತ್ತಗೆ, ಆರ್ಕೆಸ್ಟ್ರಾ ಜೊತೆ ಶ್ರುತಿ ಕೂಡುತ್ತದೆ. ಸಾಹಸಿ ಟಿಮ್ ಸೆವೆರಿನ್ 1976-77ರಲ್ಲಿ ಎತ್ತಿನ ಚರ್ಮ ಹೊಲಿದು ಮಾಡಿದ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿದರು. ಆ ಪಯಣವನ್ನು ಐರ್ಲೆಂಡಿನ ಸಂಗೀತಗಾರ ಶಾನ್ ಡೇವಿ 1980ರಲ್ಲಿ ಸಂಗೀತ ಮಾಡಿದರು. ಲಿಯಾಮ್ ಓಫ್ಲಿನ್ ಅವರ ಪೈಪ್ ದೋಣಿ, ಆರ್ಕೆಸ್ಟ್ರಾ ಕಡಲು. ಇಷ್ಟೇ ಲೆಕ್ಕ. ಫ್ಯಾರೋ ದ್ವೀಪದ ಬಂಡೆಗಳ ಹತ್ತಿರ ಬಂದಾಗ, ಬಿರುಗಾಳಿ ಎದ್ದಾಗ, ಆ ಒಂದು ದನಿ ಎಷ್ಟು ಸಣ್ಣದು ಅನ್ನಿಸುತ್ತದೆ! ಮುಳುಗಿತು ಅಂದುಕೊಳ್ಳುವಾಗ ಮತ್ತೆ ಮೇಲೆ ಬರುತ್ತದೆ. ಆಳಕಡಲಿಗೆ ಹೋದ ದೋಣಿಯ ದಾರಿ ಕಾದ ಮನೆಯವರು ಇದನ್ನು ಕೇಳಬೇಕು.

ಆದರೆ ದ್ವೀಪದ ಕಡಲು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿದ್ದು ವಾದ್ಯವೇ ಇಲ್ಲದ ಕಡೆ. ಲೂಯಿಸ್ ದ್ವೀಪದ ಚರ್ಚುಗಳಲ್ಲಿ ಕೀರ್ತನೆಗಳನ್ನು ಗೇಲಿಕ್‌ನಲ್ಲಿ ಹಾಡುತ್ತಾರೆ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಹಿಂದಿನಿಂದ ಬರುತ್ತಾರೆ. ಒಟ್ಟಿಗೆ ಬರುವುದಿಲ್ಲ. ಧಾಟಿ ಒಂದೇ, ಆದರೆ ಒಬ್ಬೊಬ್ಬರ ಗಮಕ ಒಂದೊಂದು. ಆರ್ಕೆಸ್ಟ್ರಾದಲ್ಲಿ ಇಂಥದ್ದನ್ನು ತಪ್ಪು ಅಂತ ತಿದ್ದುತ್ತಾರೆ. ಕಡಲು ಇರುವುದೇ ಆ ಹೆಚ್ಚುಕಮ್ಮಿಯಲ್ಲಿ ಅಲ್ವಾ? ಅದನ್ನು ಇಸ್ತ್ರಿ ಹಾಕದೆ ಉಳಿಸಿಕೊಂಡ ಸಂಗೀತವೇ ನನಗೆ ಮತ್ತೆ ಮತ್ತೆ ಕೇಳಬೇಕು ಅನ್ನಿಸುವುದು.

ಲೂಯಿಸ್‌ನ ಚರ್ಚಿನಲ್ಲಿ ನಾನು ಕೇಳಿದ ದಿನ ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಪುಸ್ತಕ ಮುಚ್ಚಿಯೇ ಇತ್ತು. ಪ್ರತಿ ಸಾಲಿನಲ್ಲೂ ಎಲ್ಲರಿಗಿಂತ ನಿಧಾನ. ಉಳಿದವರು ಸ್ವರ ಮುಟ್ಟಿ ನಿಂತ ಮೇಲೂ ಅವರದ್ದು ಇನ್ನೂ ಬರುತ್ತಾ ಇತ್ತು. ಯಾರೂ ಅವಸರ ಮಾಡಲಿಲ್ಲ. ಅವರು ಬಂದು ಮುಟ್ಟಿದ ಮೇಲೆಯೇ ಮುಂದಿನ ಸಾಲು ಎತ್ತಿಕೊಟ್ಟರು.