ಷೋನ್‌ಬ್ರುನ್ ತೋಟದಲ್ಲಿ ಅಕ್ಕನ ಜೊತೆ

ವಿಯೆನ್ನಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಒಂದು ರಾತ್ರಿ ಇಬ್ಬರೂ ಕೂತು ‘ದ ಸ್ಟ್ರೇಂಜ್ ವೈಸ್ ಆಫ್ ಮಿಸೆಸ್ ವಾರ್ಡ್’ ನೋಡಿದೆವು. 1971ರ ಇಟಾಲಿಯನ್ ಚಿತ್ರ, ನಿರ್ದೇಶಕ ಸೆರ್ಜಿಯೋ ಮಾರ್ಟಿನೋ. ಹೆಸರಿನ ಅರ್ಥ ‘ಮಿಸೆಸ್ ವಾರ್ಡ್‌ಳ ವಿಚಿತ್ರ ಚಟ’. ಕಥೆ ಬಹುಪಾಲು ನಡೆಯುವುದು ವಿಯೆನ್ನಾದಲ್ಲೇ. ಮಿಸೆಸ್ ವಾರ್ಡ್, ಅಂದರೆ ಜೂಲಿ, ಗಂಡನೊಡನೆ ಊರಿಗೆ ಬಂದಿಳಿಯುವ ಹೊತ್ತಿಗೆ ಅಲ್ಲಿ ಯಾರೋ ರೇಜರ್ ಹಿಡಿದು ಹೆಂಗಸರನ್ನು ಕೊಲ್ಲುತ್ತಿದ್ದಾರೆ. ಹಿಂಸೆಯಲ್ಲೇ ಸುಖ ಕಾಣುವ ಹಳೆಯ ಪ್ರಿಯಕರ ಜಾನ್ ಅವಳ ಬೆನ್ನು ಬಿಟ್ಟಿಲ್ಲ.

ಜೂಲಿಯ ನೆನಪಿನಲ್ಲಿ ಬರುವ ಒಂದು ದೃಶ್ಯವಿದೆ. ಜಾನ್ ಬಾಟಲಿ ಒಡೆಯುತ್ತಾನೆ, ಗಾಜಿನ ಚೂರುಗಳು ಅವಳ ಮೈಮೇಲೆ ನಿಧಾನಗತಿಯಲ್ಲಿ ಉದುರುತ್ತವೆ. ಮಾತಿಲ್ಲ, ನೋರಾ ಒರ್ಲಾಂಡಿಯ ಸಂಗೀತ ಮಾತ್ರ. ಜೂಲಿಯಾಗಿ ನಟಿಸಿದ ಎಡ್ವಿಜ್ ಫೆನೆಕ್ ಮುಖದಲ್ಲಿ ಭಯವೂ ಬಯಕೆಯೂ ಒಟ್ಟೊಟ್ಟಿಗೆ ಹಾದುಹೋಗುತ್ತವೆ. ಎರಡನ್ನೂ ಬಿಡಿಸಿ ನೋಡಲು ನನ್ನಿಂದಾಗಲಿಲ್ಲ. ಆ ಕಾಲದ ಇಟಲಿಯಲ್ಲಿ ಅಷ್ಟು ಕಡಿಮೆ ಹೆಂಗಸರು ಸಿನಿಮಾಕ್ಕೆ ಸಂಗೀತ ಕೊಡುತ್ತಿದ್ದಾಗ ಒರ್ಲಾಂಡಿ ಮಾಡಿದ ಈ ಕೆಲಸ ನನಗೆ ತುಂಬ ದೊಡ್ಡದು. ಮುಂದೆ ಟ್ಯಾರಂಟಿನೋ ‘ಕಿಲ್ ಬಿಲ್’ ಎರಡನೇ ಭಾಗದಲ್ಲಿ ಇದೇ ಚಿತ್ರದ ಸಂಗೀತ ಬಳಸಿಕೊಂಡ.

ಪಾರ್ಟಿಯಲ್ಲಿ ಹೆಂಗಸರು ಒಬ್ಬರ ಕಾಗದದ ಉಡುಪನ್ನು ಇನ್ನೊಬ್ಬರು ಹರಿದುಹಾಕುವ ದೃಶ್ಯ ಮಾತ್ರ ಕಥೆಗೆ ಬೇಕಿರಲಿಲ್ಲ. ಅದು ಟಿಕೆಟ್ ಮಾರಲೆಂದೇ ಇಟ್ಟದ್ದು.

ಮರುದಿನ ಸಂಜೆ ಯು4 ಮೆಟ್ರೋ ಹತ್ತಿ ಷೋನ್‌ಬ್ರುನ್ ಅರಮನೆಯ ತೋಟಕ್ಕೆ ಹೋದೆವು. ಬ್ಲ್ಯಾಕ್‌ಮೇಲ್ ಮಾಡುವವನನ್ನು ಕಾಣಲು ಜೂಲಿಯ ಬದಲು ಗೆಳತಿ ಕ್ಯಾರಲ್ ಬಂದು ಕೊಲೆಯಾಗುವುದು ಇಲ್ಲಿಯೇ. ದಾರಿಯ ಎರಡೂ ಬದಿಗೆ ಮರಗಳನ್ನು ಗೋಡೆ ಕಟ್ಟಿದ ಹಾಗೆ ನೇರವಾಗಿ ಕತ್ತರಿಸಿದ್ದಾರೆ. ತಿರುವಿನಾಚೆ ಯಾರಿದ್ದರೂ ಕಾಣುವುದಿಲ್ಲ. ಕೊಲೆಗೆ ಕತ್ತಲೆಯೇ ಬೇಕಿಲ್ಲ, ಜನ ಖಾಲಿಯಾದರೆ ಸಾಕು ಅನ್ನುವುದನ್ನು ಮಾರ್ಟಿನೋ ಚೆನ್ನಾಗಿ ಬಲ್ಲವನು.

ತೋಟದ ಗುಡ್ಡದ ಮೇಲಿರುವ ಗ್ಲೋರಿಯೆಟ್ ಮಂಟಪದ ಕಡೆಗೆ ಏರು ಹತ್ತುವಾಗ ಅಕ್ಕ ಕೇಳಿದಳು: “ಕೊಂದೋರು ಯಾರು ಅನ್ನೋದು ಬಿಡು. ಅವಳ ಆಸೇನೇ ಒಂದು ಕಾಯಿಲೆ ಅಂತ ಹೆಸರಲ್ಲೇ ಹೇಳ್ತಾರಲ್ಲ, ಅದು ಸರಿನಾ?”

“ಹೆಸರು ಹಾಗಿದೆ ಅಕ್ಕ, ಆದ್ರೆ ಸಿನಿಮಾ ಅವಳ ಪರ ಇದೆ. ಅವಳ ಆಸೇನ ಗೊತ್ತು ಮಾಡ್ಕೊಂಡು ಅದನ್ನೇ ಹಗ್ಗ ಮಾಡೋರು ಗಂಡಸರು ತಾನೆ?”

ಅಕ್ಕ ಒಪ್ಪಲಿಲ್ಲ. ಅವಳ ಪರ ಇರೋ ಸಿನಿಮಾಗೆ ಅವಳ ಬಟ್ಟೆ ಅಷ್ಟು ಸಲ ಬಿಚ್ಚಿಸೋ ಅಗತ್ಯ ಏನಿತ್ತು ಅಂದಳು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಆದರೂ ಫೆನೆಕ್ ಕಣ್ಣುಗಳ ವಿಷಯದಲ್ಲಿ ನಾನು ಪಟ್ಟು ಬಿಡಲಿಲ್ಲ.