ಮೆತ್ತೆಯಲ್ಲ, ಸೀಟು

ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರುದೋಣಿ ಕಯಾಕ್. ಅದರ ಕಾರ್ಖಾನೆಯವರು ಯಾರನ್ನು ಕೂರಿಸಿ ಸೀಟಿನ ಅಳತೆ ತೆಗೆಯುತ್ತಾರೋ ಗೊತ್ತಿಲ್ಲ, ನನ್ನಂಥವಳನ್ನಂತೂ ಅಲ್ಲ. ನನ್ನ ಎತ್ತರ ಐದಡಿ ಒಂದಿಂಚು. ಸೊಂಟ ಅಗಲ, ಕಾಲು ಗಿಡ್ಡ. ರೆಸಾರ್ಟ್ ಒಂದರವರು ಹಳತಾಯಿತೆಂದು ಮಾರಿದ ಕಯಾಕನ್ನು ಕೊಂಡಾಗ ಅದರೊಳಗಿನ ಪ್ಲಾಸ್ಟಿಕ್ ಸೀಟು ಆರಡಿ ಆಳಿಗೆ ಅಳೆದು ಮಾಡಿದ ಹಾಗಿತ್ತು. ಉಡುಪಿ ಹತ್ತಿರದ ಕೆಮ್ಮಣ್ಣು ಊರಿನ ಕಡೆಯಿಂದ ಕಡಲಿನ ಇಳಿತದ ಜೊತೆ ಹೊರಟರೆ, ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆ ಇನ್ನೂ ದೂರವಿರುವಾಗಲೇ ಬಲಗಾಲು ಜೋಮು ಹಿಡಿದು ನನ್ನದಲ್ಲವೆನ್ನುವಂತಾಗುತ್ತಿತ್ತು. ನದಿ ನಡುವಿನ ಕುದ್ರುಗಳ ಅಂಚಿನ ಕಾಂಡ್ಲಾ ಗಿಡಗಳನ್ನೂ ಮಿಂಚುಳ್ಳಿಗಳನ್ನೂ ನೋಡಬೇಕಾದವಳು ಕಾಲಿನ ಹೆಬ್ಬೆರಳನ್ನು ಆಡಿಸುತ್ತಾ ಕೂರಬೇಕಿತ್ತು.

ಹೀಗಾದಾಗ ಎಲ್ಲರೂ ಕೊಡುವ ಸಲಹೆ ಒಂದೇ: ಒಂದು ದಿಂಬು ಹಾಕಿಕೊಳ್ಳಿ. ಅಮ್ಮ ಹಳೆಯ ಸೋಫಾದ ಮೆತ್ತೆಯನ್ನು ತಂದು ಮುಂದಿಟ್ಟರು. ಆದರೆ ದಿಂಬಿನಿಂದ ಎರಡು ತೊಂದರೆಗಳಿವೆ. ಮೊದಲನೆಯದು, ಸೋಫಾದ ಫೋಮ್ ನೀರು ಕುಡಿಯುತ್ತದೆ. ಉಪ್ಪುನೀರು ಕುಡಿದ ಫೋಮು ಮೂರನೆಯ ದಿನಕ್ಕೆ ಮೀನು ಮಾರುಕಟ್ಟೆಯ ವಾಸನೆ ಬೀರುತ್ತದೆ. ಎರಡನೆಯದು ಇದಕ್ಕಿಂತ ಗಂಭೀರ. ದಿಂಬು ಕೂರುವವರನ್ನು ಎತ್ತರಿಸುತ್ತದೆ. ಅರವತ್ತು ಸೆಂಟಿಮೀಟರ್ ಚಿಲ್ಲರೆ ಅಗಲದ ದೋಣಿಯಲ್ಲಿ ಮೂರು ಸೆಂಟಿಮೀಟರ್ ಮೇಲೆ ಕುಳಿತರೂ ಗುರುತ್ವ ಕೇಂದ್ರ ಮೇಲೇರಿ ದೋಣಿ ಓಲಾಡತೊಡಗುತ್ತದೆ. ದೋಣಿಗಿಂತ ಕೂತವರ ತೂಕವೇ ಹೆಚ್ಚಾದ್ದರಿಂದ ಆ ಮೂರು ಸೆಂಟಿಮೀಟರಿನ ಬಹುಪಾಲು ಲೆಕ್ಕಕ್ಕೆ ಬರುತ್ತದೆ. ಭೌತಶಾಸ್ತ್ರ ಪಾಠ ಮಾಡಿ ಜೀವನ ಸಾಗಿಸುವವಳಿಗೆ ಇಷ್ಟನ್ನು ಕಡೆಗಣಿಸುವುದು ಶೋಭಿಸುವುದಿಲ್ಲ.

ಹಾಗಾಗಿ ನಾನು ಹಿಡಿದ ದಾರಿ ಬೇರೆ. ಸೀಟಿಗೆ ಏನನ್ನಾದರೂ ಸೇರಿಸುವ ಬದಲು ದಪ್ಪ ಫೋಮಿನ ದಿಮ್ಮಿಯೊಂದರಿಂದ ನನ್ನ ಆಕಾರವನ್ನು ಕೆತ್ತಿ ತೆಗೆಯುವುದು. ಐದು ಸೆಂಟಿಮೀಟರ್ ದಪ್ಪದ ದಿಮ್ಮಿಯಲ್ಲಿ ಕೂರುವ ಮೂಳೆಗಳ ಅಡಿ ಉಳಿಯುವುದು ಒಂದೂಕಾಲು ಸೆಂಟಿಮೀಟರ್ ಮಾತ್ರ. ಉಳಿದ ದಪ್ಪವೆಲ್ಲ ಪಕ್ಕಕ್ಕೆ, ಹಿಂದಕ್ಕೆ, ತೊಡೆಯ ಕೆಳಕ್ಕೆ ಹೋಗುತ್ತದೆ. ಭಾರ ಎರಡು ಮೂಳೆಗಳ ಮೇಲೆ ಬೀಳುವ ಬದಲು ಇಡೀ ಬೋಗುಣಿಯ ಮೇಲೆ ಹರಡುತ್ತದೆ. ಮುಟ್ಟಿ ನೋಡಿದರೆ ಈ ಸೀಟು ಗಟ್ಟಿ. ಆದರೂ ಸೋಫಾಕ್ಕಿಂತ ಹೆಚ್ಚು ಹೊತ್ತು ಕೂರಲಾಗುತ್ತದೆ.

ಫೋಮ್ ಆರಿಸುವಾಗ ಅಂಗಡಿಯವರ ಮಾತಿಗಿಂತ ಬಕೆಟ್ಟಿನ ನೀರನ್ನು ನಂಬಿ. ಪ್ಯಾಕಿಂಗ್‌ಗೆ ಬಳಸುವ ಬಿಳಿ ಫೋಮ್ ನೀರು ಕುಡಿಯುವುದಿಲ್ಲ ನಿಜ, ಆದರೆ ಉಜ್ಜಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಕೆಲವು ತಿಂಗಳಲ್ಲಿ ಕುಗ್ಗಿ ಕೂರುತ್ತದೆ. ಬೇಕಾದದ್ದು ಸಣ್ಣ ಕಣ್ಣಿನ, ರಬ್ಬರಿನಂತೆ ಪುಟಿಯುವ ಕ್ರಾಸ್‌ಲಿಂಕ್ಡ್ ಪಾಲಿಥೀನ್ ಫೋಮ್. ಅದು ಸಿಗದಿದ್ದರೆ ಇವಿಎ. ಚಪ್ಪಲಿಯ ಅಟ್ಟೆಗೂ ಮಕ್ಕಳ ಕೋಣೆಯಲ್ಲಿ ಜೋಡಿಸಿ ಹಾಸುವ ಬಣ್ಣದ ಮ್ಯಾಟುಗಳಿಗೂ ಬಳಸುವುದು ಅದನ್ನೇ. ಒಂದು ತುಂಡನ್ನು ತೂಗಿ, ಮೇಲೆ ಕಲ್ಲು ಹೇರಿ ರಾತ್ರಿಯಿಡೀ ಮುಳುಗಿಸಿ, ಬೆಳಿಗ್ಗೆ ಒರೆಸಿ ಮತ್ತೆ ತೂಗಿದರೆ ಯಾವುದು ಆಗುತ್ತದೆ, ಯಾವುದು ಆಗದು ಎಂದು ತಾನೇ ಹೇಳುತ್ತದೆ. ದಪ್ಪ ದಿಮ್ಮಿ ಸಿಗದೆ ನಾನು ತೆಳು ಶೀಟುಗಳನ್ನೇ ಒಂದರ ಮೇಲೊಂದು ಅಂಟಿಸಿದೆ. ರಬ್ಬರ್ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು, ಆಮೇಲೆ ಕೂಡಿಸಬೇಕು. ಒಮ್ಮೆ ಕೂಡಿತೆಂದರೆ ಸರಿಸಲು ಬರುವುದಿಲ್ಲ. ಹಾಗಾಗಿ ನಡುವೆ ಒಂದು ಕಾಗದ ಇಟ್ಟು, ಅಂಚು ಹೊಂದಿಸಿಕೊಂಡು, ಕಾಗದವನ್ನು ಮೆಲ್ಲಗೆ ಎಳೆಯುತ್ತಾ ಒತ್ತುವುದು ಕ್ಷೇಮ. ಈ ಕೆಲಸ ಅಂಗಳದಲ್ಲೇ ಆಗಬೇಕು. ಮುಚ್ಚಿದ ಕೋಣೆಯಲ್ಲಿ ಆ ಅಂಟಿನ ಘಾಟು ತಲೆಗೇರುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ.

ಮೂಳೆಗಳ ಅಂತರ ಕಂಡುಹಿಡಿಯಲು ಸೈಕಲ್ ಸವಾರರ ಉಪಾಯವಿದೆ. ಗಟ್ಟಿ ಮೆಟ್ಟಿಲ ಮೇಲೆ ರಟ್ಟಿನ ಡಬ್ಬದ ತುಂಡು ಹಾಕಿ, ಮುಂದಕ್ಕೆ ಬಾಗಿ ಕುಳಿತು ಎದ್ದರೆ ರಟ್ಟಿನಲ್ಲಿ ಎರಡು ಗುಳಿ ಮೂಡುತ್ತವೆ. ನನ್ನವು ಹದಿಮೂರು ಸೆಂಟಿಮೀಟರ್ ದೂರದಲ್ಲಿದ್ದವು. ದಿಮ್ಮಿಯ ಮೇಲೆ ಆ ಎರಡು ಗುರುತು ಹಾಕಿ, ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ದೊಡ್ಡ ಹೋಳುಗಳನ್ನು ತೆಗೆದೆ. ಮುಂದಿನದೆಲ್ಲ ನಲವತ್ತನೆಯ ನಂಬರಿನ ಸ್ಯಾಂಡ್ ಪೇಪರ್ ಕೆಲಸ. ಹಿಡಿಗೆ ಸಿಗುವ ಪಿವಿಸಿ ಪೈಪಿಗೆ ಸುತ್ತಿಕೊಂಡರೆ ತಗ್ಗು ಸರಾಗವಾಗಿ ಬರುತ್ತದೆ. ಏಪ್ರಿಲ್ ತಿಂಗಳು, ಬೆವರು. ಫೋಮಿನ ಹುಡಿ ವಿದ್ಯುದಾವೇಶ ಹೊತ್ತುಕೊಂಡು ತೋಳು, ಕತ್ತು, ಕನ್ನಡಕ, ಕೊನೆಗೆ ಬೆಕ್ಕಿನ ಮೈಯನ್ನೂ ಬಿಡಲಿಲ್ಲ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಎಲ್ಲಿ ಇನ್ನೂ ಒತ್ತುತ್ತಿದೆ ಎಂಬುದು ಮೈಗೆ ತಿಳಿದರೂ ಕೈಗೆ ತಿಳಿಯುವುದಿಲ್ಲ. ಅದಕ್ಕೆ ರಂಗೋಲಿ ಪುಡಿ ನೆರವಾಯಿತು. ಕೆತ್ತಿದ ತಗ್ಗಿಗೆ ಪುಡಿಯನ್ನು ತೆಳ್ಳಗೆ ಉದುರಿಸಿ, ಹಳೆಯ ಕಪ್ಪು ಪ್ಯಾಂಟು ತೊಟ್ಟು ಕುಳಿತು ಎದ್ದರೆ, ಒತ್ತಿದ ಕಡೆ ಪುಡಿ ಬಟ್ಟೆಗೆ ಹತ್ತಿ ಫೋಮು ಬರಿದಾಗಿರುತ್ತದೆ. ಅಲ್ಲಷ್ಟೇ ಉಜ್ಜಿ, ಮತ್ತೆ ಪುಡಿ, ಮತ್ತೆ ಕೂರುವುದು. ಬರಬರುತ್ತಾ ಗುರುತು ಎರಡು ಚುಕ್ಕಿಗಳಿಂದ ಅಗಲವಾಗಿ ಇಡೀ ತಗ್ಗಿಗೆ ಹರಡಿತು. ಹಬ್ಬದ ಪುಡಿಯ ಡಬ್ಬ ಖಾಲಿಯಾದದ್ದಕ್ಕೆ ಅಮ್ಮ ಇನ್ನೂ ಮುನಿಸಿಕೊಂಡಿದ್ದಾರೆ.

ಜೋಮಿಗೆ ನಿಜವಾದ ಕಾರಣ ಕೂರುವ ಜಾಗವಲ್ಲ, ಸೀಟಿನ ಮುಂದಿನ ಅಂಚು. ತೊಡೆಯ ಹಿಂಭಾಗದಲ್ಲಿ ಕಾಲಿಗೆ ಹೋಗುವ ದೊಡ್ಡ ನರ ಇಳಿಯುತ್ತದೆ. ಸೀಟಿನ ಅಂಚು ಚೂಪಾಗಿದ್ದರೆ ಅಲ್ಲೇ ಅದುಮುತ್ತದೆ. ತೊಡೆಗೆ ಆಸರೆಯೇ ಇಲ್ಲದಿದ್ದರೆ ಮತ್ತೊಂದು ಬಗೆಯ ಕಷ್ಟ, ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ. ಮುಂಭಾಗ ತುಸು ಏರಿ, ಆಮೇಲೆ ದುಂಡಗೆ ಇಳಿಯಬೇಕು. ನನ್ನ ಸಮಯ ಹೆಚ್ಚು ಹೋದದ್ದು ಈ ಅಂಗೈಯಗಲದ ಜಾಗದಲ್ಲಿ.

ದೋಣಿಯನ್ನು ಅಂಗಳದಲ್ಲಿ ಎರಡು ಹಳೆಯ ಟಯರುಗಳ ಮೇಲೆ ಇಟ್ಟು, ಕಾಲನ್ನು ಸರಿಯಾದ ಕಡೆ ಊರಿ, ಹುಟ್ಟು ಹಿಡಿದು ಮುಕ್ಕಾಲು ಗಂಟೆ ಕೂರುವುದು ಪರೀಕ್ಷೆ. ಹತ್ತು ನಿಮಿಷಕ್ಕೆ ಎಲ್ಲ ಸೀಟೂ ಚೆನ್ನಾಗಿಯೇ ಇರುತ್ತದೆ, ದೂರು ಶುರುವಾಗುವುದು ಅರ್ಧ ಗಂಟೆಯ ಮೇಲೆ. ಮರುವಾಯಿ ಚಿಪ್ಪು ಹೆಕ್ಕಲು ಹೊರಟಿದ್ದ ಪಕ್ಕದ ಮನೆಯ ಅಣ್ಣ ಬೇಲಿಯಾಚೆ ನಿಂತು, "ಏನು ಟೀಚರೇ, ನೀರು ಇಲ್ಲಿಗೇ ಬರುತ್ತದೆಂದು ಕಾಯುತ್ತಿದ್ದೀರಾ?" ಎಂದರು. ಅವರು ಉದ್ದ ಗಳದಿಂದ ನಿಂತೇ ದೋಣಿ ನಡೆಸುವವರು. ಸೀಟಿನ ಕಷ್ಟ ಅವರಿಗೆ ಅರ್ಥವಾಗಬೇಕಿಲ್ಲ.

ಕಯಾಕನ್ನು ಮೊದಲು ಕಟ್ಟಿದ ಆರ್ಕ್ಟಿಕ್ ಪ್ರದೇಶದ ಜನರಿಗೂ ಇಂಥ ಕಷ್ಟವಿರಲಿಲ್ಲ, ಆದರೆ ಬೇರೆ ಕಾರಣಕ್ಕೆ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಬೇಟೆಗಾರನ ದೋಣಿಯ ಅಳತೆಗೋಲು ಅವನ ಮೈಯೇ ಆಗಿತ್ತು. ಉದ್ದಕ್ಕೆ ಸುಮಾರು ಮೂರು ಮಾರು, ಅಗಲಕ್ಕೆ ಸೊಂಟದ ಅಗಲದ ಜೊತೆ ಎರಡು ಮುಷ್ಟಿ, ಹೀಗೆ. ಕಡಲು ತಂದೆಸೆದ ಮರದ ಚೌಕಟ್ಟಿಗೆ ಸೀಲ್ ತೊಗಲು ಹೊದಿಸಿ, ಒಳಗೆ ತೊಗಲಿನ ತುಂಡೊಂದನ್ನು ಹಾಸಿಕೊಂಡರೆ ಮುಗಿಯಿತು. ಇಡೀ ದೋಣಿಯೇ ಒಬ್ಬನ ಅಳತೆಯದಾದಾಗ ಸೀಟಿಗೆ ಬೇರೆ ಅಳತೆ ಯಾಕೆ? ಅಚ್ಚಿನಲ್ಲಿ ಎರಕ ಹೊಯ್ದು ಎಲ್ಲರಿಗೂ ಒಂದೇ ದೋಣಿ ಮಾರಲು ಹೊರಟ ಮೇಲೆ ಹುಟ್ಟಿದ ತಾಪತ್ರಯ ಇದು.

ಸೊಂಟದ ಎರಡು ಪಕ್ಕಕ್ಕೂ ಫೋಮಿನ ಹಲಗೆಗಳನ್ನು ಕೂಡಿಸಿದೆ. ಅಂಗೈ ಚಪ್ಪಟೆಯಾಗಿ ತೂರುವಷ್ಟು ಸಂದು ಇರಲೇಬೇಕು. ಬಿಗಿಯಾದಷ್ಟೂ ದೋಣಿ ಹೇಳಿದಂತೆ ಕೇಳುತ್ತದೆ ಎನ್ನುವುದು ನಿಜ, ಆದರೆ ಮಗುಚಿದಾಗ ತಲೆಕೆಳಗಾಗಿ ಸಿಕ್ಕಿಕೊಳ್ಳುವಷ್ಟು ಬಿಗಿ ಯಾರಿಗೂ ಬೇಡ. ಹೊಸ ಸೀಟಿನೊಂದಿಗೆ ಮೊದಲು ಮಾಡಿದ ಕೆಲಸ ಅದೇ. ಎದೆಮಟ್ಟದ ನಿಂತ ನೀರಿನಲ್ಲಿ ತಮ್ಮನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ, ಅಂಚಿಗೆ ಕೈಯೂರಿ ಹೊರಜಾರುವುದು. ಇದನ್ನು ಮಾಡದೆ ಹೊಸ ಸೀಟನ್ನು ನದಿಗೆ ಒಯ್ಯಬೇಡಿ. ಬೆನ್ನಿಗೆ ಎತ್ತರದ ಒರಗು ಇಡಲಿಲ್ಲ. ಒರಗಿದರೆ ಮೈ ತಿರುಗುವುದಿಲ್ಲ, ಮೈ ತಿರುಗದಿದ್ದರೆ ಹುಟ್ಟು ಹಾಕುವ ಕೆಲಸವೆಲ್ಲ ತೋಳಿನ ಮೇಲೆ ಬೀಳುತ್ತದೆ. ಶಾಲಾ ಚೀಲ ಹೊಲಿಯುವವರ ಬಳಿ ನೈಲಾನ್ ಪಟ್ಟಿಯನ್ನೂ ಬಕಲನ್ನೂ ಕೊಂಡು ಸೊಂಟದ ಮಟ್ಟಕ್ಕೆ ಒಂದು ಅಗಲ ಪಟ್ಟಿ ಕಟ್ಟಿಸಿದೆ. ಲೈಫ್ ಜಾಕೆಟ್ಟಿನ ಕೆಳಗೆ ಅದು ಅಡಗಿ ಕೂರುತ್ತದೆ.

ಸೀಟನ್ನು ದೋಣಿಗೆ ಅಂಟಿಸಿಲ್ಲ. ಫೋಮಿಗೆ ಹಿಡಿದಂತೆ ದೋಣಿಯ ನುಣುಪಾದ ಪಾಲಿಥೀನ್ ಮೈಗೆ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಹಳೆಯ ಸೀಟಿನ ಬೋಲ್ಟು ತೂತುಗಳಿಗೆ ಎರಡು ಪಟ್ಟಿ ಬಿಗಿದು ಹಿಡಿಸಿದ್ದೇನೆ. ಅಡಿಯಲ್ಲಿ ನೀರು ಹರಿಯಲು ಎರಡು ಕಾಲುವೆ ಕೊರೆದಿದ್ದೇನೆ. ಮನೆಗೆ ಬಂದ ಮೇಲೆ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿದರೆ ಆಯಿತು. ಕೆಳಗೆ ಸಿಕ್ಕಿದ ಹೊಯಿಗೆಯನ್ನು ಹಾಗೇ ಬಿಟ್ಟರೆ ಅದು ದೋಣಿಯ ತಳವನ್ನು ತೇಯುತ್ತದೆ.

ಈಗ ಕೋಡಿಬೆಂಗ್ರೆಯವರೆಗೆ ಹೋಗಿ, ಭರತ ಏರುವಾಗ ಅದರ ಜೊತೆಯಲ್ಲೇ ಮರಳಿದರೂ ಇಳಿದ ಕೂಡಲೇ ನಡೆಯಬಲ್ಲೆ. ಕಳೆದ ವಾರ ನನ್ನ ಕಯಾಕನ್ನು ಕೇಳಿ ಒಯ್ದ ತಮ್ಮ ಕೆಮ್ಮಣ್ಣಿನ ತೂಗುಸೇತುವೆಯನ್ನೂ ದಾಟದೆ ಹಿಂದಿರುಗಿದ. "ಅಕ್ಕಾ, ಇದರಲ್ಲಿ ಮನುಷ್ಯರು ಕೂರುವುದುಂಟಾ?" ಎಂದು ಸೊಂಟ ಹಿಡಿದುಕೊಂಡು ಕೇಳಿದ. ಅವನಿಗೂ ಒಂದು ಕೆತ್ತಿಕೊಡಬೇಕಂತೆ. ಕೆತ್ತಿಕೊಡುತ್ತೇನೆ. ಫೋಮೂ ರಂಗೋಲಿ ಪುಡಿಯೂ ಅವನದೇ ಖರ್ಚು.