ಓಸ್ಟಿಯಾ ಆಂಟಿಕಾ: ರೋಮಿನ ದುಡಿಯುವ ಜನರ ಊರನ್ನು ನೋಡಲು ಹೊರಟವರಿಗೆ

ಓಸ್ಟಿಯಾ ಆಂಟಿಕಾ ಎಂದರೆ ಪ್ರಾಚೀನ ರೋಮಿನ ಬಂದರು ಪಟ್ಟಣದ ಅವಶೇಷ. ರೋಮಿನಲ್ಲಿ ನಾವು ಇಳಿದುಕೊಂಡಿದ್ದ ವಸತಿಗೃಹದವರು ‘ಅರ್ಧ ದಿನದ ಓಸ್ಟಿಯಾ ಪ್ರವಾಸ’ ಎಂದು ತಲೆಗೆ 65 ಯೂರೊ ಪಡೆದು ನಮ್ಮನ್ನು ವ್ಯಾನು ಹತ್ತಿಸಿದಾಗ, ಅದೇ ಊರಿಗೆ ನಗರ ಸಾರಿಗೆಯ ಒಂದೂವರೆ ಯೂರೊ ಟಿಕೆಟಿನಲ್ಲೇ ರೈಲು ಹೋಗುತ್ತದೆ ಎಂಬುದು ನಮಗೆ ತಿಳಿದಿರಲಿಲ್ಲ. ದಾರಿಯಲ್ಲಿ ಇನ್ನೂ ಮೂರು ಕಡೆ ಜನರನ್ನು ಹತ್ತಿಸಿಕೊಂಡು ತಲುಪುವಷ್ಟರಲ್ಲಿ ಹನ್ನೊಂದೂವರೆಯಾಗಿತ್ತು, ಒಳಗೆ ನಮಗೆ ಸಿಕ್ಕಿದ್ದು ಒಂದು ಗಂಟೆ ಹತ್ತು ನಿಮಿಷ ಮಾತ್ರ. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಫೋಟೊ ತೆಗೆಸಿ, ನೆಪ್ಚೂನನ ಸ್ನಾನಗೃಹವನ್ನು ಮೇಲಿನಿಂದ ತೋರಿಸಿ ಹಿಂದಕ್ಕೆ ಕರೆತಂದರು. ಇಡೀ ಊರೊಂದು ಕಣ್ಣೆದುರಿಗೆ ಇದ್ದೂ ನೋಡಲಾಗಲಿಲ್ಲ ಎಂಬ ನೋವಿನಿಂದ ಎರಡು ದಿನ ಬಿಟ್ಟು ನಾವೇ ಮತ್ತೆ ಹೋದೆವು. ಈ ಬರಹ ಆ ಎರಡನೆಯ ಭೇಟಿಯದು.

ಮೆಟ್ರೊ ಬಿ ಮಾರ್ಗದಲ್ಲಿ ಪಿರಾಮಿಡೆ ಎಂಬ ನಿಲ್ದಾಣದಲ್ಲಿ ಇಳಿಯಬೇಕು. ಹೊರಗೆ ನಿಜವಾಗಿಯೂ ಒಂದು ಪಿರಮಿಡ್ಡಿದೆ. ಅದು ಕ್ರಿಸ್ತಪೂರ್ವದ ಕೊನೆಯ ದಶಕಗಳಲ್ಲಿ ಸೆಸ್ಟಿಯಸ್ ಎಂಬ ಅಧಿಕಾರಿಗೆ ಕಟ್ಟಿದ ಸಮಾಧಿ. ಪಕ್ಕದಲ್ಲೇ ಇರುವ ಪೋರ್ತಾ ಸಾನ್ ಪಾವೊಲೊ ನಿಲ್ದಾಣದಿಂದ ಓಸ್ಟಿಯಾ ಆಂಟಿಕಾಗೆ ಸುಮಾರು ಅರ್ಧ ಗಂಟೆಯ ದಾರಿ. ನಾವು ಮಾಡಿದ ತಪ್ಪೆಂದರೆ ಜೂನ್ ತಿಂಗಳ ಮೊದಲ ಭಾನುವಾರ ಹೋದದ್ದು. ಅಂದು ಸರ್ಕಾರಿ ಸ್ಮಾರಕಗಳಿಗೆ ಪ್ರವೇಶ ಉಚಿತವೆಂಬುದು ನಿಜ, ಆದರೆ ಅದೇ ರೈಲು ಮುಂದೆ ಕಡಲತೀರಕ್ಕೂ ಹೋಗುವುದರಿಂದ ಕೊಡೆ, ಮಡಚುವ ಕುರ್ಚಿ, ಮಕ್ಕಳೊಂದಿಗೆ ಅರ್ಧ ರೋಮ್ ನಗರವೇ ಅದರಲ್ಲಿತ್ತು. ಎರಡು ರೈಲು ಬಿಟ್ಟುಕೊಟ್ಟು ಮೂರನೆಯದನ್ನು ಹತ್ತಿದರೂ ಎಪ್ಪತ್ತೆರಡು ವರ್ಷದ ಅಪ್ಪ ಕಂಬ ಹಿಡಿದು ನಿಂತೇ ಬರಬೇಕಾಯಿತು. ನನಗೆ ನೂಕುನುಗ್ಗಲು ಸಹಿಸಲಾಗದು. ಹಿರಿಯರಿರುವವರು ಆ ಉಚಿತ ಪ್ರವೇಶದ ಆಸೆ ಬಿಟ್ಟು, ಟಿಕೆಟ್ ಕೊಟ್ಟು, ಮಂಗಳವಾರವೋ ಬುಧವಾರವೋ ಹೋಗಿ. ಸೋಮವಾರ ಬಾಗಿಲು ಮುಚ್ಚಿರುತ್ತದೆ.

ಅಪ್ಪನನ್ನು ಅಲ್ಲಿಗೆ ಕರೆದೊಯ್ಯಲೇಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಅವರು ದಾವಣಗೆರೆಯಲ್ಲಿ ಮೂವತ್ತೈದು ವರ್ಷ ದಲ್ಲಾಳಿ ಮಂಡಿ ನಡೆಸಿದವರು, ಓಸ್ಟಿಯಾ ಬದುಕಿದ್ದು ಕಾಳಿನ ಮೇಲೆ. ಮೊದಲ ರೋಮನ್ ಚಕ್ರವರ್ತಿ ಅಗಸ್ಟಸನ ಕಾಲಕ್ಕೆ ರೋಮಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪ್ರಜೆಗಳಿಗೆ ಸರ್ಕಾರವೇ ಗೋಧಿ ಹಂಚುತ್ತಿತ್ತು. ಈಜಿಪ್ಟ್, ಉತ್ತರ ಆಫ್ರಿಕಾ, ಸಿಸಿಲಿಗಳಿಂದ ಹಡಗಿನಲ್ಲಿ ಬಂದ ಧಾನ್ಯವನ್ನು ಟೈಬರ್ ನದಿಯ ಮುಖದಲ್ಲಿ ಇಳಿಸಿ, ಅಳೆದು, ಗೋದಾಮಿನಲ್ಲಿಟ್ಟು, ದೋಣಿಗಳಲ್ಲಿ ನಗರಕ್ಕೆ ಸಾಗಿಸುತ್ತಿದ್ದರು. ಅಳತೆಗಾರರ ಸಂಘದ ಸಭಾಂಗಣದ ನೆಲದಲ್ಲಿ ಕಪ್ಪು ಬಿಳಿ ಕಲ್ಲುಚೂರುಗಳ ಒಂದು ಚಿತ್ರವಿದೆ. ಹಮಾಲಿಯೊಬ್ಬ ಹೆಗಲ ಮೇಲೆ ಚೀಲ ಹೊತ್ತು ಬರುತ್ತಾನೆ, ನಡುವೆ ಕೊಳಗದಂಥ ಅಳತೆಯ ಪಾತ್ರೆ, ಅದರ ಪಕ್ಕದಲ್ಲಿ ಅಳತೆಗಾರ ಕೋಲು ಹಿಡಿದು ನಿಂತಿದ್ದಾನೆ. ಅಪ್ಪ ಬಹಳ ಹೊತ್ತು ನೋಡಿ, “ನೋಡಪ್ಪ, ಕೋಲು ಎಳೆದು ಬಾಯಿ ಸಮ ಮಾಡಿ ಅಳೀತಾರೆ, ರಾಶಿ ಬಿಡ್ತಿಲ್ಲ. ಮೋಸ ಆಗಬಾರ್ದು ಅಂತ” ಎಂದರು. ವ್ಯಾನಿನವರು ಈ ಕಡೆಗೆ ಕರೆತಂದೇ ಇರಲಿಲ್ಲ.

ರಂಗಮಂದಿರದ ಹಿಂದಿನ ವರ್ತಕರ ಚೌಕಕ್ಕೆ ಕನಿಷ್ಠ ಒಂದು ಗಂಟೆ ಮೀಸಲಿಡಿ. ಸುತ್ತಲೂ ಅರವತ್ತರಷ್ಟು ಸಣ್ಣ ಕಚೇರಿಗಳಿದ್ದವು. ಓದಲು ಬಾರದವರಿಗೂ ತಿಳಿಯುವಂತೆ ಅವುಗಳ ಮುಂದಿನ ನೆಲದಲ್ಲಿ ಹಡಗು, ದೀಪಸ್ತಂಭ, ಧಾನ್ಯದ ಅಳತೆಯ ಚಿತ್ರಗಳಿವೆ. ಒಂದು ಕಡೆ ಆನೆಯೂ ಇದೆ. ಅದು ನಮ್ಮ ದೇಶದ ವರ್ತಕರ ಗುರುತಲ್ಲ, ಇಂದಿನ ಲಿಬಿಯಾದಲ್ಲಿರುವ ಸಬ್ರಾತಾ ಪಟ್ಟಣದವರದು. ಭಾರತದ ಮೆಣಸು ಕೆಂಪು ಸಮುದ್ರ ದಾಟಿ ಅಲೆಕ್ಸಾಂಡ್ರಿಯಾದ ಮೂಲಕ ಇಟಲಿಗೆ ಬರುತ್ತಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿರುವುದನ್ನು ಬಲ್ಲವರಿಗೆ, ಆ ಹಣ ಹೊರಟ ಲೋಕದ ವ್ಯವಹಾರ ಹೇಗೆ ನಡೆಯುತ್ತಿತ್ತು ಎಂಬುದು ಇಲ್ಲಿ ಕಾಣುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಬಾಡಿಗೆ ಮನೆಗಳು. ರೋಮನ್ನರೆಂದರೆ ಅಂಗಳ, ಕಾರಂಜಿಗಳ ದೊಡ್ಡ ಮನೆಗಳಲ್ಲಿದ್ದವರೆಂದು ತಿಳಿದಿದ್ದೆ. ಬಹುಪಾಲು ಜನ ಇಟ್ಟಿಗೆಯ ಬಹುಮಹಡಿ ವಠಾರಗಳಲ್ಲಿ, ಕೆಳಗೆ ಅಂಗಡಿ ಮೇಲೆ ಇಕ್ಕಟ್ಟಾದ ಕೋಣೆ ಎಂಬಂತೆ ಬದುಕಿದ್ದರು. ಕುಸಿತ ಮತ್ತು ಬೆಂಕಿಯ ಭಯದಿಂದ ಅಗಸ್ಟಸ್ ರೋಮಿನ ಕಟ್ಟಡಗಳ ಎತ್ತರಕ್ಕೆ 70 ರೋಮನ್ ಅಡಿಯ ಮಿತಿ ಹಾಕಿದ, ಮುಂದೆ ಚಕ್ರವರ್ತಿ ಟ್ರಾಜನ್ ಅದನ್ನು 60ಕ್ಕೆ ಇಳಿಸಿದ. ಅಂಥ ಕೋಣೆಗಳಲ್ಲಿ ಅಡುಗೆಮನೆ ಅಪರೂಪವಾದ್ದರಿಂದ ಜನ ಬೀದಿಯಲ್ಲೇ ಉಣ್ಣುತ್ತಿದ್ದರು. ಡಯಾನಾ ವಠಾರದ ಎದುರಿನ ಹೋಟೆಲು ಇಂದಿಗೂ ನಿಂತಿದೆ: ಅಮೃತಶಿಲೆಯ ಕಟ್ಟೆ, ಪಾತ್ರೆ ತೊಳೆಯುವ ತೊಟ್ಟಿ, ಮೆಟ್ಟಿಲಿನಂತೆ ಜೋಡಿಸಿದ ಹಲಗೆಗಲ್ಲುಗಳು, ಅವುಗಳ ಮೇಲೆ ಗೋಡೆಯಲ್ಲಿ ತಿನಿಸುಗಳ ವರ್ಣಚಿತ್ರ. ಕಟ್ಟೆಯ ಅಂಚಿನ ಮೇಲೆ ಅಂಗೈ ಇಡಬೇಕೆನಿಸಿತು, ಇಡಲಿಲ್ಲ.

ಹಸಿವಾದಾಗ ಸ್ಮಾರಕದ ಬಾಗಿಲಲ್ಲೇ ಉಣ್ಣಬೇಡಿ. ಬಿಸ್ಕತ್ತು, ಹಣ್ಣು, ನೀರು ಕಟ್ಟಿಕೊಂಡು ಹೋಗಿ, ಊಟಕ್ಕೆ ಪಿರಾಮಿಡೆಗೆ ಹಿಂದಿರುಗಿ ಹತ್ತು ನಿಮಿಷ ನಡೆದು ಟೆಸ್ಟಾಚ್ಚೊ ಬಡಾವಣೆಗೆ ಬನ್ನಿ. ಅಲ್ಲೊಂದು ಬೀದಿಯಲ್ಲಿ ಕುಳಿತುಕೊಳ್ಳಲು ಎರಡೇ ಸ್ಟೂಲುಗಳಿದ್ದ ಪಿಜ್ಜಾ ಅಂಗಡಿ ನಮಗೆ ಸಿಕ್ಕಿತು. ಉದ್ದನೆಯ ತಟ್ಟೆಗಳಲ್ಲಿ ಬೇಯಿಸಿದ್ದನ್ನು ನೀವು ಬೆರಳಿನಿಂದ ತೋರಿಸಿದಷ್ಟು ಕತ್ತರಿಯಿಂದ ಕತ್ತರಿಸಿ, ತಕ್ಕಡಿಯಲ್ಲಿ ತೂಗಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ ಮತ್ತು ರೋಸ್ಮರಿಯದು, ಬರೀ ಟೊಮೆಟೊ ಸವರಿದ್ದು, ಚೀಸಿಲ್ಲದ ಉಪ್ಪು-ಎಣ್ಣೆಯ ಬಿಳಿ ಪಿಜ್ಜಾ, ಎಲ್ಲವೂ ಸಸ್ಯಾಹಾರ. ಅಂಚು ಗರಿಗರಿ, ಒಳಗೆ ಮೆತ್ತಗೆ, ಆಲಿವ್ ಎಣ್ಣೆಯ ಘಮ ಕೈಗೆಲ್ಲ ಹತ್ತಿತ್ತು. ಇಟಲಿಗೆ ಬಂದಾಗಿನಿಂದ ಊಟ ಒಗ್ಗದೆ ಕಷ್ಟಪಡುತ್ತಿದ್ದ ಅಪ್ಪ ಮೂರು ತುಂಡು ತಿಂದು ಮತ್ತೊಂದು ಕೇಳಿದರು. ಮೂವರು ಹೊಟ್ಟೆ ತುಂಬ ತಿಂದದ್ದಕ್ಕೆ 17 ಯೂರೊ. ಅನ್ನದ ಉಂಡೆಯನ್ನು ಕರಿದ ಸುಪ್ಲಿ ಎಂಬುದರಲ್ಲಿ ಹೆಚ್ಚಾಗಿ ಮಾಂಸವಿರುತ್ತದೆ, ‘ಸೆಂಝಾ ಕಾರ್ನೆ’, ಅಂದರೆ ಮಾಂಸವಿಲ್ಲದ್ದು ಎಂದು ಕೇಳಿಯೇ ಕೊಳ್ಳಿ. ಅದೇ ಬಡಾವಣೆಯಲ್ಲಿ ಸುಮಾರು 35 ಮೀಟರ್ ಎತ್ತರದ ಗುಡ್ಡವೊಂದಿದೆ. ಹೊರದೇಶಗಳಿಂದ ಎಣ್ಣೆ ತುಂಬಿ ತಂದ ಜಾಡಿಗಳನ್ನು ರೋಮನ್ನರು ಒಡೆದು ಪೇರಿಸಿದ ಚೂರುಗಳೇ ಗುಡ್ಡವಾಗಿವೆ.

ಓಸ್ಟಿಯಾದ ಮುಖ್ಯ ಬೀದಿ ಒಂದು ಕಿಲೋಮೀಟರಿಗೂ ಉದ್ದವಾಗಿದ್ದು ಕಪ್ಪು ಕಲ್ಲುಗಳು ಉಬ್ಬುತಗ್ಗಾಗಿವೆ. ಚಪ್ಪಲಿ ಬೇಡ, ಗಟ್ಟಿ ಅಡಿಯ ಶೂ ಬೇಕು. ಹಿಂದಿರುಗುವ ಟಿಕೆಟನ್ನು ರೋಮಿನಲ್ಲೇ ಬೆಳಿಗ್ಗೆ ಕೊಂಡಿಟ್ಟುಕೊಂಡರೆ ಸಂಜೆ ನಿಲ್ದಾಣದಲ್ಲಿ ಯಂತ್ರದ ಮುಂದೆ ಸಾಲು ನಿಲ್ಲಬೇಕಾಗುವುದಿಲ್ಲ.